ಮೇಷ್ಟ್ರ ಪುಸ್ತಕದಲ್ಲಿ ನಮ್ಮ ಕಿವಿಗುರುತು

ನಮ್ಮ ಹೊರಕೋಣೆಯಲ್ಲಿ ಬಾಡಿಗೆಗಿದ್ದ ಮೇಷ್ಟ್ರ ಎರಡು ಭುಜ ಸಮ ಇರಲಿಲ್ಲ. ಎಡಭುಜ ನಾಲ್ಕು ಬೆರಳು ಕೆಳಗೆ. ಪುಸ್ತಕ ತುಂಬಿದ ಚೀಲ ಯಾವಾಗಲೂ ಅದೇ ಕಡೆ ಜೋತುಬೀಳುತ್ತಿತ್ತು. ಚೀಲ ಇಳಿಸಿದರೂ ಭುಜ ಮೇಲೇಳುತ್ತಿರಲಿಲ್ಲ. ಹಿಂದಿನಿಂದ ನೋಡಿದರೆ ಒಂದು ಕಡೆ ಗೂಟ ಕಿತ್ತ ಚಪ್ಪರದ ಹಾಗೆ ಕಾಣುತ್ತಿದ್ದರು. ಹೆಂಡತಿ ತೀರಿಕೊಂಡಿದ್ದಳು, ಮಕ್ಕಳಿರಲಿಲ್ಲ.

ಕಾನಹೊಸಹಳ್ಳಿಯಿಂದ ಕೊಟ್ಟೂರಿನ ಕಾಲೇಜಿಗೆ ದಿನಾ ಬಸ್ಸಿನಲ್ಲಿ ಹೋಗಿಬರುವುದು, ರಜೆ ಬಂದರೆ ಕುರಿಹಟ್ಟಿಗಳನ್ನು ಸುತ್ತುವುದು, ಇಷ್ಟೇ ಅವರ ಬದುಕು. ಒಳ್ಳೆಯ ಮನುಷ್ಯ, ಆದರೆ ತಲೆ ತಿನ್ನುತ್ತಿದ್ದರು. ನಾನು ರೊಟ್ಟಿ ಬಡಿಯುವಾಗಲೇ ಬಂದು ಹೊಸ್ತಿಲ ಮೇಲೆ ಕೂರುವರು.

"ಅವ್ವಾ, ಮರಿ ಎಷ್ಟು ದಿನದ್ದಿದ್ದಾಗ ಕಿವಿ ಕೊಯ್ತೀರಿ?"

"ಮೇಷ್ಟ್ರ, ಕುರಿ ಬಿಟ್ಟು ಒಂದಿನ ಮನುಷ್ಯಾರ ಸುದ್ದಿ ಮಾತಾಡ್ರಿ."

"ಮನುಷ್ಯಾರು ಬಾಳ ಮಾತಾಡ್ತಾರ ಅವ್ವಾ. ಕುರಿ ಕಿವಿ ನೋಡಿದ್ರ ಸಾಕು, ಯಾರ ಮನಿದಂತ ಗೊತ್ತಾಕ್ಕತಿ."

ಅದು ನಿಜ. ನೀರಿಗೆ ಬಿಟ್ಟಾಗ ನಾಲ್ಕು ಮನೆಯ ಕುರಿ ಕಲೆತುಹೋಗುತ್ತವೆ. ಬೇರೆ ಮಾಡುವುದು ಕಿವಿಯ ಗುರುತಿನಿಂದ. ಒಬ್ಬರದು ತುದಿ ಸೀಳು, ಇನ್ನೊಬ್ಬರದು ಅಂಚಿನಲ್ಲಿ ಕಚ್ಚು, ಮನೆಗೊಂದು. ನಾನು ಮದುವೆಯಾಗಿ ಬಂದ ವಾರದಲ್ಲೇ ನಮ್ಮತ್ತೆ ಗುರುತು ತೋರಿಸಿ, ಹೊರಗಿನವರು ಯಾರು ಕೇಳಿದರೂ ಬಾಯಿ ಬಿಡಬೇಡ ಎಂದಿದ್ದಳು. ಹಿಂಡು ವರ್ಷದ ಬಹುಪಾಲು ದೂರದ ಹೊಲಗಳಲ್ಲೇ ತಂಗುವುದರಿಂದ ಹೊರಗಿನವರಿಗೆ ಕಿವಿ ನೋಡಲು ಸಿಗುವುದಿಲ್ಲ, ಹೇಳಿದರಷ್ಟೇ ತಿಳಿಯುತ್ತದೆ. ಗುರುತು ತಿಳಿದರೆ ಕಳ್ಳ ತನ್ನ ಕುರಿಗೂ ಅದನ್ನೇ ಕೊಯ್ದು, ನಮ್ಮವನ್ನು ಅದರೊಳಗೆ ಸೇರಿಸಿ, ಎಲ್ಲಾ ನನ್ನವೇ ಎನ್ನುತ್ತಾನೆ. ಕೇಳಿದವರಿಗೆ ಹೇಳುವುದಕ್ಕೆಂದೇ ಬೇರೆ ಒಂದು ಗುರುತಿತ್ತು. ಯಾವುದೋ ಕಾಲದಲ್ಲಿ ರೋಗ ಬಂದು ಹಿಂಡೆಲ್ಲ ಸತ್ತು, ಊರು ಬಿಟ್ಟುಹೋದ ಒಬ್ಬನ ಗುರುತು ಅದು. ಈಗ ಯಾರದೂ ಅಲ್ಲ.

ಮೇಷ್ಟ್ರು ಕೇಳಿದಾಗ ನಾನು ಅದನ್ನೇ ಹೇಳಿದೆ. ಅವರು ಕುರಿಯ ಕಿವಿಯನ್ನು ಚೆಂದವಾಗಿ ಬರೆದು, ಕೊಯ್ದ ಜಾಗಕ್ಕೆ ಗೆರೆ ಎಳೆದು, "ಹಿಂಗಾ ಅವ್ವಾ?" ಎಂದರು. "ಹಂಗ," ಎಂದೆ. ಇದೇ ಊರಿಗೆ ಕೊಟ್ಟಿದ್ದ ನಮ್ಮ ನಾದಿನಿ ಮತ್ತು ಹಿಂದಿನ ಓಣಿಯ ಮನೆಯವಳು ಕೂಡ ಅದನ್ನೇ ಹೇಳಿದ್ದರೆಂದು ಆಮೇಲೆ ತಿಳಿಯಿತು. ಮೂವರೂ ಮಾತಾಡಿಕೊಂಡಿರಲಿಲ್ಲ. ಮೂವರಿಗೂ ಅತ್ತೆಯಂದಿರು ಕಲಿಸಿದ್ದು ಒಂದೇ.

ಕುರಿ ಕಾಯುವವರ ಬಗ್ಗೆ ಮೇಷ್ಟ್ರು ಬರೆಯುತ್ತಿದ್ದ ಪುಸ್ತಕ ಅಚ್ಚಾಯಿತು. ಅದನ್ನೂ ಅದಕ್ಕೆ ಮುಂಚಿನ ನಾಲ್ಕನ್ನೂ ಕಟ್ಟಿ ಮೇಷ್ಟ್ರು ವಿಶ್ವವಿದ್ಯಾಲಯಕ್ಕೆ ಕೊಟ್ಟರು, ಡಿ.ಲಿಟ್. ಪದವಿಗೆ. ಹೊಸದಾಗಿ ಏನೂ ಬರೆಯಬೇಕಿಲ್ಲವಂತೆ. ಅಚ್ಚಾದದ್ದನ್ನೇ ಹೊರಗಿನ ಮೂವರು ದೊಡ್ಡವರು ಓದಿ, ಇದು ಪದವಿಗೆ ತಕ್ಕದ್ದೋ ಅಲ್ಲವೋ ಎಂದು ಬರೆದು ಕಳಿಸುತ್ತಾರೆ.

"ತಪ್ಪಿದ್ರ ತಿದ್ದಿ ಕೊಡ್ರಿ ಮತ್ತ," ಎಂದೆ.

"ತಿದ್ದಂಗಿಲ್ಲ ಅವ್ವಾ. ಹೆಂಗ ಅಚ್ಚಾಗೈತೋ ಹಂಗ ಪರೀಕ್ಷಾ."

ಅವತ್ತೇ ಹೇಳಬಹುದಿತ್ತು. ಹೇಳಲಿಲ್ಲ. ಎರಡು ವರ್ಷ ಅವರು ಅಂಚೆಯವನ ದಾರಿ ನೋಡಿದರು, ನಾನು ಅವರ ಮುಖ ನೋಡುತ್ತಾ ಕೂತೆ. ಬಂದರೂ ಕಷ್ಟ, ಬಾರದಿದ್ದರೂ ಕಷ್ಟ.

ಕೊನೆಗೆ ಕಾಗದ ಬಂತು. ಇಬ್ಬರು ಒಪ್ಪಿದ್ದರು. ಮೂರನೆಯವರು ಒಂದು ಪ್ರಶ್ನೆ ಹಾಕಿದ್ದರು: ಮೂರು ಮನೆಗೂ ಒಂದೇ ಗುರುತು ಎಂದು ಬರೆದಿದ್ದೀರಿ, ಹಾಗಾದರೆ ಹಿಂಡುಗಳನ್ನು ಬೇರೆ ಮಾಡುವುದು ಹೇಗೆ? ಮೇಷ್ಟ್ರು ನಗುನಗುತ್ತಾ ಬಂದು ನನ್ನನ್ನೇ ಕೇಳಿದರು. ತಪ್ಪಿಸಿಕೊಳ್ಳಲು ಜಾಗ ಇರಲಿಲ್ಲ.

"ಸುಳ್ಳು ಹೇಳೀವಿ ಮೇಷ್ಟ್ರ. ಮೂರೂ ಮಂದಿ."

ಅವರು ಕಾಗದ ಮಡಿಸಿದರು, ಬಿಚ್ಚಿದರು, ಮತ್ತೆ ಮಡಿಸಿದರು. ಖರೆ ಗುರುತು ಯಾವುದು ಎಂದು ಕೇಳುತ್ತಾರೆಂದು ಕಾದೆ. ಕೇಳಲಿಲ್ಲ. ನನಗೇ ತಡೆಯಲಾಗಲಿಲ್ಲ.

"ಮೂರೂ ಮನಿ ಅಣ್ಣತಮ್ಮಂದ್ರದು, ಮೊದ್ಲು ಒಂದ ಹಿಂಡಿತ್ತು ಅಂದುಬಿಡ್ರಿ. ಅವ್ರೇನು ಬಂದು ನೋಡ್ತಾರಾ?"

"ಈಗ ಇದು ನಿಮ್ಮ ಸುಳ್ಳು ಅವ್ವಾ. ನಾನು ಹೇಳಿದ್ರ ನಂದಾಕ್ಕತಿ."

ಕೊನೆಯ ಪರೀಕ್ಷೆ ಬಾಯಿಮಾತಿನದು. ಯಾರು ಬೇಕಾದರೂ ಕೂತು ಕೇಳಬಹುದಂತೆ. ನಾನೂ ಹೋದೆ. ದೊಡ್ಡ ಕೋಣೆ, ಹಿಂದಿನ ಸಾಲಿನಲ್ಲಿ ಕೂತೆ. ಮೂರನೆಯ ಪರೀಕ್ಷಕರು ಅದೇ ಪುಟ ತೆಗೆದು ಅದೇ ಮಾತು ಕೇಳಿದರು.

ಮೇಷ್ಟ್ರು ಎದ್ದು ನಿಂತು, "ಆ ಪುಟ ತಪ್ಪು. ನನಗೆ ಹೇಳಿದವರು ನಿಜ ಹೇಳಿರಲಿಲ್ಲ, ನಾನು ಹಿಂಡಿಗೆ ಹೋಗಿ ಕಿವಿ ನೋಡಲಿಲ್ಲ," ಎಂದರು.

"ಹೇಳಿದವರು ಇದ್ದಾರಲ್ಲ. ಈಗ ಸರಿಯಾದದ್ದನ್ನು ಕೇಳಿ ತಿಳಿಸಿ. ಇಲ್ಲೇ ದಾಖಲು ಮಾಡಿಕೊಳ್ಳೋಣ."

ನಾನು ಎದ್ದು ಒಂದು ಮಾತು ಹೇಳಿದರೆ ಮೇಷ್ಟ್ರ ಪದವಿ ಉಳಿಯುತ್ತಿತ್ತು. ಹೇಳಿದರೆ ನನ್ನ ಇಬ್ಬರು ಗಂಡುಮಕ್ಕಳ ಹಿಂಡಿನ ಬೀಗ ತೆಗೆದು ಊರ ಮುಂದೆ ಇಟ್ಟಂತೆ. ಹಿಂಡು ಅವತ್ತು ತೆಲಿಗಿ ಕಡೆಯ ಹೊಲಗಳಲ್ಲಿ ತಂಗಿತ್ತು. ಮೇಷ್ಟ್ರು ಒಮ್ಮೆ ತಿರುಗಿ ನೋಡಿದ್ದರೂ ಎದ್ದುಬಿಡುತ್ತಿದ್ದೆನೋ ಏನೋ. ಅವರು ತಿರುಗಲಿಲ್ಲ.

"ಕೇಳುವುದಿಲ್ಲ ಸರ್," ಎಂದರು. "ಅವರು ಅದನ್ನು ಮುಚ್ಚಿಟ್ಟಿದ್ದಕ್ಕೆ ಕಾರಣವಿದೆ."

ಪದವಿ ಕೊಡಲಿಲ್ಲ. ಪುಸ್ತಕ ತಿದ್ದಿ, ಹೊಸದಾಗಿ ಅಚ್ಚು ಹಾಕಿಸಿ, ಮೊದಲಿನಿಂದ ಅರ್ಜಿ ಕೊಡಿ ಎಂದರು. ವಾಪಸು ಬರುವಾಗ ಬಸ್ಸಿನಲ್ಲಿ ನಾನೇ ಬಾಯಿ ತೆರೆದೆ.

"ಹೇಳ್ತೀನಿ, ಬರಕೊಳ್ರಿ. ಎಡಕಿವಿ..."

ಮೇಷ್ಟ್ರು ಎರಡೂ ಕೈಯಿಂದ ತಮ್ಮ ಕಿವಿ ಮುಚ್ಚಿಕೊಂಡರು. ಎದುರು ಸೀಟಿನ ಹೆಂಗಸು ನಕ್ಕಳು.

"ಬ್ಯಾಡ ಅವ್ವಾ. ಗೊತ್ತಾದ್ರ ಬರೀಲಾರದ ಇರಾಕ ನನ್ನ ಕೈಲಿ ಆಗಂಗಿಲ್ಲ. ನನ್ನ ರೋಗ ನನಗ ಗೊತ್ತೈತಿ."

ಆಮೇಲೆ ಅವರು ಅರ್ಜಿ ಹಾಕಲಿಲ್ಲ. ರಿಟೈರ್ ಆದ ಎರಡನೇ ವರ್ಷ ನಮ್ಮ ಹೊರಕೋಣೆಯಲ್ಲೇ ತೀರಿಕೊಂಡರು. ನಾನು ಅಳಲಿಲ್ಲ, ನನಗೆ ಅಳು ಬೇಗ ಬರುವುದಿಲ್ಲ. ಮಣ್ಣಿಗೆ ಬಂದಿದ್ದ ಕಾಲೇಜಿನವರೊಬ್ಬರು ನಮ್ಮ ಅಂಗಳದಲ್ಲೇ ನಿಂತು, "ಪಾಪ, ಹಳ್ಳಿ ಕೆಲಸ ಸರಿಯಾಗಿ ಮಾಡಲಿಲ್ಲ, ಅದಕ್ಕೇ ಡಿ.ಲಿಟ್. ಹೋಯಿತು," ಎಂದರು. ಅವತ್ತೂ ನಾನು ಬಾಯಿ ಬಿಡಲಿಲ್ಲ.

ಈಗ ಬರೆಯುತ್ತಿದ್ದೇನೆ. ಮೇಷ್ಟ್ರು ಕೆಲಸ ಸರಿಯಾಗಿಯೇ ಮಾಡಿದ್ದರು. ಸುಳ್ಳು ಹೇಳಿದವಳು ನಾನು. ನಿಜವಾದ ಗುರುತು ಯಾವುದೆಂದು ಇಲ್ಲಿಯೂ ಹೇಳುವುದಿಲ್ಲ. ಮಕ್ಕಳು ಇನ್ನೂ ಕುರಿ ಕಾಯುತ್ತಿದ್ದಾರೆ.