ಸಿಸ್ಟರಕ್ಕನ ಹೂವಿಗೆ ಜ್ವರ

ಸಿಸ್ಟರಕ್ಕನಿಗೆ ವಾಸನೆ ತಿಳಿಯುತ್ತಿರಲಿಲ್ಲ. ನರ್ಸ್ ಕೆಲಸಕ್ಕೆ ಸೇರಿದ ಹೊಸದರಲ್ಲಿ ಬಂದ ಒಂದು ಕೆಟ್ಟ ನೆಗಡಿ, ಹೋಗುವಾಗ ಮೂಗಿನ ಕಸುಬನ್ನೂ ಕಟ್ಟಿಕೊಂಡು ಹೋಗಿತ್ತು. ಅವರೇನೂ ಇದನ್ನು ನಷ್ಟವೆಂದು ಎಣಿಸಲಿಲ್ಲ. ಆಸ್ಪತ್ರೆಯವರಂತೂ ಲಾಭವೆಂದೇ ಎಣಿಸಿದರು. ಕೊಳೆತ ಗಾಯಗಳ ವಾರ್ಡಿಗೆ ಹಾಕಿದವರೆಲ್ಲ ವರ್ಗ ಮಾಡಿಸಿಕೊಂಡು ಓಡುತ್ತಿದ್ದರೆ, ಸಿಸ್ಟರಕ್ಕ ಅಲ್ಲೇ ನಿವೃತ್ತರಾದರು. ಮೂಗಿಗೆ ಕರವಸ್ತ್ರ ಒತ್ತಿಕೊಂಡು ಬಾಗಿಲಲ್ಲೇ ನಿಲ್ಲುವ ನೆಂಟರನ್ನು ಕಂಡರೆ ಅವರಿಗೆ ಆಗುತ್ತಿರಲಿಲ್ಲ. "ಹೆತ್ತ ಅಪ್ಪ ಅಲ್ವೇನ್ರೀ? ಹತ್ರ ಬಂದು ಮಾತಾಡ್ಸಿ" ಎಂದು ಗದರುತ್ತಿದ್ದರು.

ಮದುವೆಯಾಗಿರಲಿಲ್ಲ. ಯಾಕೆಂದು ಕೇಳಿದವರಿಗೆ "ಡ್ಯೂಟಿ ಇತ್ತು" ಎನ್ನುತ್ತಿದ್ದರು.

ನಿವೃತ್ತಿಯ ಮೇಲೆ ಒಂದು ಟೈಲರ್ ಅಂಗಡಿಯ ಮಾಳಿಗೆಯಲ್ಲಿ ಬಾಡಿಗೆಗಿದ್ದರು. ಹಿಂದಿನ ಬಾಲ್ಕನಿಯಲ್ಲಿ, ಹಿಡಿ ಮುರಿದ ಬಕೆಟ್ಟಿನೊಳಗೆ ಒಂದು ಸುವರ್ಣಗೆಡ್ಡೆ. ಅಡುಗೆಗೆಂದು ತಂದದ್ದು ಚಿಗುರೊಡೆದಿತ್ತು; ಕೊಯ್ಯಲು ಮನಸ್ಸಾಗದೆ ಮಣ್ಣಿಗೆ ಹಾಕಿದ್ದರು. ಪ್ರತಿ ವರ್ಷ ಕೊಡೆಯಂಥ ಒಂದು ಎಲೆ ಬಿಟ್ಟು ಒಣಗುತ್ತಿತ್ತು. ಈ ಬೇಸಿಗೆಯ ಕೊನೆಗೆ ಎಲೆಯ ಬದಲು ಹೂ ಬಂತು: ಮಣ್ಣಿಗೆ ಅಂಟಿಕೊಂಡಂತೆ ನೇರಳೆ ಬಣ್ಣದ ದೊಡ್ಡ ಬೋಗುಣಿ, ನಡುವೆ ಸುಕ್ಕುಗಟ್ಟಿದ ಕಪ್ಪು ಉಂಡೆ. ಅಂದವೇನಿರಲಿಲ್ಲ. ಸಂಜೆ ನೀರು ಹಾಕುವಾಗ ಕೈ ತಾಗಿತು. ಬೆಚ್ಚಗಿತ್ತು.

ಸಿಸ್ಟರಕ್ಕ ಒಳಗೆ ಹೋಗಿ ಥರ್ಮಾಮೀಟರ್ ತಂದರು. ಗೋಡೆಗೆ ಒತ್ತಿದರೆ ಪಾದರಸ ಜಗ್ಗಲಿಲ್ಲ. ಉಂಡೆಗೆ ಒತ್ತಿದರೆ ಮೆಲ್ಲಗೆ ಏರಿತು. ಇಂಥ ಸಂದರ್ಭದಲ್ಲಿ ಮಾಡಬೇಕಾದದ್ದು ಅವರಿಗೆ ಗೊತ್ತಿತ್ತು. ಒದ್ದೆ ಬಟ್ಟೆ ಹಿಂಡಿ ಹೂವಿಗೆ ಹಾಕಿದರು.

ಅದೇ ಹೊತ್ತಿಗೆ ಕೆಳಗೆ ಟೈಲರ್ ಸತ್ತ ಇಲಿ ಹುಡುಕುತ್ತಿದ್ದ. ಮೆಷಿನ್ನಿನ ಅಡಿ, ಬಟ್ಟೆಗಂಟುಗಳ ಹಿಂದೆ, ಎಲ್ಲೂ ಸಿಗಲಿಲ್ಲ. ಅಳತೆ ಕೊಡಲು ಬಂದವರು ಅಳತೆ ಕೊಡದೆಯೇ ಹೋದರು. ಆಮೇಲೆ ಅವನು ತಲೆಯೆತ್ತಿ ಸೂರು ನೋಡಿದ. ಸಿಸ್ಟರಕ್ಕ ನಿನ್ನೆಯಿಂದ ಮೆಟ್ಟಿಲಿಳಿದಿರಲಿಲ್ಲ.

ಮೇಲೆ ಹೋಗಿ ಬಾಗಿಲು ಬಡಿದ. ಬಾಲ್ಕನಿಯಲ್ಲಿದ್ದವರಿಗೆ ಕೇಳಿಸಲಿಲ್ಲ. ಭುಜ ಕೊಟ್ಟು ಗುದ್ದಿದ. ಚಿಲಕ ಕಿತ್ತುಬಂತು, ಜೊತೆಗೆ ಟೈಲರೂ ಒಳಗೆ ಬಂದು ಬಿದ್ದ. ಸಿಸ್ಟರಕ್ಕ ಕೈಯಲ್ಲಿ ಒದ್ದೆ ಬಟ್ಟೆ ಹಿಡಿದು ಎದುರಿಗೆ ನಿಂತಿದ್ದರು.

"ಸಿಸ್ಟರಕ್ಕ, ನೀವು ಇದ್ದೀರಾ?"

"ಇದ್ದೀನಿ. ಯಾಕಪ್ಪಾ, ಇರಬಾರದಿತ್ತಾ?"

ಟೈಲರನ ಕಣ್ಣಲ್ಲಿ ನೀರಾಡಿತು. ಅದು ವಾಸನೆಗೋ ಬೇರೆ ಕಾರಣಕ್ಕೋ ಹೇಳುವುದು ಕಷ್ಟ.

"ಒಳ್ಳೇದಾಯ್ತು ಬಂದಿದ್ದು. ನನ್ನ ಹೂವಿಗೆ ಜ್ವರ ಬಂದಿದೆ" ಎಂದು ಸಿಸ್ಟರಕ್ಕ ಅವನನ್ನು ಬಾಲ್ಕನಿಗೆ ಕರೆದೊಯ್ದರು. ಅವನು ಮುಟ್ಟಿ ನೋಡಿ, ಹಾವು ತುಳಿದವನಂತೆ ಹಿಂದಕ್ಕೆ ಹಾರಿದ.

ಕಾಲೇಜಿನಲ್ಲಿ ಸಸ್ಯಶಾಸ್ತ್ರ ಪಾಠ ಮಾಡುವ ತಂಗಿಯ ಮಗಳಿಗೆ ಫೋನು ಹೋಯಿತು. ಪಕ್ಕದ ಬೀದಿಯಲ್ಲೇ ಮನೆ. ದುಪಟ್ಟದ ತುದಿಯನ್ನು ಮೂಗಿಗೆ ಹಿಡಿದುಕೊಂಡೇ ಬಂದಳು.

"ಆ ಒದ್ದೆ ಬಟ್ಟೆ ತೆಗಿ ದೊಡ್ಡಮ್ಮ. ಅದಕ್ಕೇನೂ ಕಾಯಿಲೆ ಇಲ್ಲ."

"ಮತ್ತೆ ಮೈ ಸುಡ್ತಿದೆಯಲ್ಲೇ?"

"ಜೀವಕೋಶದಲ್ಲಿ ಮೈಟೊಕಾಂಡ್ರಿಯ ಅಂತ ಇರ್ತಾವೆ. ಆಹಾರದಿಂದ ಬಂದ ಎಲೆಕ್ಟ್ರಾನುಗಳನ್ನ ಅಲ್ಲಿ ಕ್ವಿನಾಲ್ ಅನ್ನೋ ಪುಟ್ಟ ಅಣು ಹೊತ್ಕೊಂಡು ಓಡಾಡುತ್ತೆ. ಮಾಮೂಲಾಗಿ ಅದು ತನ್ನ ಹೊರೆನ ಮುಂದಿನ ಪ್ರೋಟೀನಿಗೆ ಕೊಡುತ್ತೆ, ಅದು ಅದರ ಮುಂದಿನದಕ್ಕೆ. ಕೊನೆಗೆ ಆಮ್ಲಜನಕಕ್ಕೆ ಸೇರಿ ನೀರಾಗುತ್ತೆ. ದಾರೀಲಿ ಬಿಡುಗಡೆಯಾಗೋ ಶಕ್ತೀಲಿ ಪ್ರೋಟಾನುಗಳನ್ನ ಪೊರೆಯಾಚೆ ತಳ್ತಾವೆ. ಅವು ವಾಪಸ್ ನುಗ್ಗೋ ರಭಸದಿಂದ ಕೋಶ ತನ್ನ ಖರ್ಚಿಗೆ ಶಕ್ತಿ ಮಾಡ್ಕೊಳ್ಳುತ್ತೆ."

"ನನ್ನೊಳಗೂನಾ?" ಟೈಲರ್ ಕೇಳಿದ.

"ನಿಮ್ಮೊಳಗೂ. ಆದ್ರೆ ಗಿಡಗಳಲ್ಲಿ ಇನ್ನೊಂದು ಕಿಣ್ವ ಇದೆ. ಇಂಥ ಹೂವಲ್ಲಂತೂ ವಿಪರೀತ. ಅದು ಕ್ವಿನಾಲ್ ಕೈಯಿಂದಲೇ ಎಲೆಕ್ಟ್ರಾನ್ ಇಸ್ಕೊಂಡು ನೇರವಾಗಿ ಆಮ್ಲಜನಕಕ್ಕೆ ಕೊಟ್ಬಿಡುತ್ತೆ. ನಡುವೆ ತಳ್ಳೋ ಕೆಲಸವೇ ಇಲ್ಲ. ಆ ಶಕ್ತಿಯೆಲ್ಲ ಬಿಸಿಯಾಗಿ ಹೋಗುತ್ತೆ."

"ದಂಡ" ಎಂದರು ಸಿಸ್ಟರಕ್ಕ.

"ದಂಡ ಅಲ್ಲ ದೊಡ್ಡಮ್ಮ. ಬಿಸಿಗೆ ವಾಸನೆ ದೂರ ಹಬ್ಬುತ್ತೆ. ಏನೋ ಸತ್ತಿದೆ ಅಂದ್ಕೊಂಡು ನೊಣ, ದುಂಬಿ ಎಲ್ಲ ಬರ್ತಾವೆ. ಪರಾಗಸ್ಪರ್ಶ ಆಗುತ್ತೆ."

"ನಾನೂ ಹಾಗೇ ಬಂದೆ" ಎಂದ ಟೈಲರ್.

ಸಿಸ್ಟರಕ್ಕ ಬಗ್ಗಿ ಹೂವಿನೊಳಗೆ ಮೂಗು ಇಟ್ಟರು. ಉಸಿರೆಳೆದರು. ಇನ್ನೊಮ್ಮೆ ಎಳೆದರು. ಏನೂ ಇಲ್ಲ.

"ನನ್ನ ವಾರ್ಡೂ ಹೀಗೇ ನಾರ್ತಿತ್ತಾ?"

ಚಿಕ್ಕವಳಿದ್ದಾಗ ಅಮ್ಮನ ಜೊತೆ ಒಮ್ಮೆ ಆ ವಾರ್ಡಿಗೆ ಹೋಗಿದ್ದ ತಂಗಿಯ ಮಗಳು ದುಪಟ್ಟವನ್ನು ಮೂಗಿನಿಂದ ಇಳಿಸಿ ಹೇಳಿದಳು: "ಇದು ಪರವಾಗಿಲ್ಲ ದೊಡ್ಡಮ್ಮ."

ಸಿಸ್ಟರಕ್ಕ ಮಗುಚಿದ ಕುಂಡದ ಮೇಲೆ ಕೂತರು. "ಪಾಪ, ಬಾಗಿಲ ತನಕ ಆದ್ರೂ ಬರ್ತಿದ್ರು ಆ ನೆಂಟರೆಲ್ಲ" ಎಂದರು. "ನಾನು ಬೈದು ಒಳಗೆ ಎಳೀತಿದ್ದೆ."

ಹೂವನ್ನು ಬಿಸಾಡಿ ಎಂದು ಟೈಲರ್ ಹೇಳಲಿಲ್ಲ. ಬಕೆಟ್ಟನ್ನು ತಾನೇ ತಾರಸಿಗೆ ಹೊತ್ತ. ಹೊರುವ ಮುಂಚೆ ಸಿಸ್ಟರಕ್ಕ ಅವನ ಮೂಗುಬಾಯಿಗೆ, ಹಳೆಯ ಅಭ್ಯಾಸದಂತೆ, ನಾಲ್ಕು ಮಡಿಕೆಯ ಬಟ್ಟೆ ಕಟ್ಟಿದರು. ಹೂವು ಕೆಲವೇ ದಿನಗಳಲ್ಲಿ ತಣ್ಣಗಾಗಿ ಕುಸಿಯಿತು, ಗಿರಾಕಿಗಳು ಮರಳಿದರು.

ಕಿತ್ತುಬಂದ ಚಿಲಕದ ಜಾಗಕ್ಕೆ ಟೈಲರ್ ಹೊಸದೊಂದನ್ನು ತಂದು ಹಾಕಿಕೊಟ್ಟ. ಇದು ಆನೆ ಗುದ್ದಿದರೂ ಕದಲುವುದಿಲ್ಲ ಎಂದ. ಸಿಸ್ಟರಕ್ಕ ಅವನಿಂದ ಒಳಗಡೆ ಚಿಲಕ ಹಾಕಿಸಿ, ಹೊರಗೆ ನಿಂತು ಭುಜ ಕೊಟ್ಟು ತಳ್ಳಿ ನೋಡಿದರು.

"ಇಷ್ಟು ಗಟ್ಟಿ ಬೇಡಪ್ಪಾ" ಎಂದರು. "ಒಂದು ಸ್ಕ್ರೂ ಬಿಚ್ಚು."