ನರಸಿಂಹಸ್ವಾಮಿ ಎಳನೀರು ಬಿಡಿಸಿದ್ದು

ಆಸ್ತಿಕ ಬಂಧುಗಳೇ, ಒಂದು ಮೋಡ ಕಂಡರೆ ನೆರೆ ಬಂತೆಂದು ಅಕ್ಕಿಮೂಟೆ ಅಟ್ಟಕ್ಕೇರಿಸುವ ಮನುಷ್ಯ ನಾನು. ಹೋದ ಶ್ರಾವಣದಲ್ಲಿ ಹೆಂಡತಿ ಸಾವಿತ್ರಿಯ ಕಾಲು ಬಾತು, ಶಿವಮೊಗ್ಗದ ಡಾಕ್ಟರು "ಎರಡೂ ಕಿಡ್ನಿ ಸೋತಿವೆ" ಎಂದಾಗ ನನ್ನ ಗತಿ ಏನಾಗಿರಬೇಕು, ನೀವೇ ಊಹಿಸಿ!

"ಪೂರ್ತಿ ನಿಂತ್ರೆ ರಕ್ತ ತೊಳೆಯೋ ಮೆಷಿನ್ ಬೇಕಾಗುತ್ತೆ. ಅದು ಈ ಕಡೆ ಇನ್ನೂ ಬಂದಿಲ್ಲ, ವೆಲ್ಲೂರಿಗೆ ಹೋಗ್ಬೇಕು. ಆ ದಿನ ಬರೋಕೆ ಮುಂಚೆ ನೀವಿಬ್ರೂ ಕೆಲವು ವಿಷಯ ಕಲೀಬೇಕು. ಮುಂದಿನ ವಾರ ಬನ್ನಿ" ಎಂದರು.

ಮೆಷಿನ್ ರಿಪೇರಿಯೇ ನನ್ನ ಹೊಟ್ಟೆಪಾಡು. ಮೆಷಿನ್ ಎಂದಮೇಲೆ ಕೆಡುವುದೇ. ಅದರಾಚೆಗೆ ಒಂದು ಮಾತೂ ತಲೆಗೆ ಹೋಗಲಿಲ್ಲ.

ಭದ್ರಾವತಿಯಲ್ಲಿ ಬಸ್ಸಿಳಿದವನೇ ಓಲ್ಡ್ ಟೌನಿನ ನರಸಿಂಹಸ್ವಾಮಿಗೆ ಅಡ್ಡಬಿದ್ದು ಹರಕೆ ಹೊತ್ತೆ: ಒಂದು ಮಂಡಲ ಎಳನೀರಿನ ಅಭಿಷೇಕ, ಆ ತೀರ್ಥವೆಲ್ಲ ಅವಳಿಗೆ. ಎಳನೀರು ತಂಪು, ಅದರ ಮೇಲೆ ದೇವರ ಮೈಮೇಲಿಂದ ಇಳಿದದ್ದು! ದಿನಾ ಬೆಳಿಗ್ಗೆ ಚೊಂಬು ತುಂಬ ತಂದು, ಅವಳು ತಳ ಕಾಣಿಸುವವರೆಗೆ ಎದುರೇ ನಿಲ್ಲುತ್ತಿದ್ದೆ.

ಬಾವು ಮುಖಕ್ಕೇರಿತು.

ಮರುವಾರ ಡಾಕ್ಟರು ನಮ್ಮನ್ನು ಆಸ್ಪತ್ರೆಯ ಬೆಂಚಿನ ಮೇಲೆ ಕೂರಿಸಿಕೊಂಡು, ಆ ಮೆಷಿನ್ ರಕ್ತವನ್ನು ಹೇಗೆ ಹೊರಗೆಳೆದು ಸೋಸಿ ಮತ್ತೆ ಮೈಗೆ ಬಿಡುತ್ತದೆಂದು ಚಿತ್ರ ಬರೆದು ತೋರಿಸಿದರು. ಉಪ್ಪು ಬೇಡ, ನೀರು ಅಳೆದು ಕುಡಿಯಬೇಕು ಎಂದರು. "ಎಳನೀರಂತೂ ವಿಷ ಅಂತ್ಲೇ ತಿಳ್ಕೊಳ್ಳಿ. ಅದರಲ್ಲಿರೋ ಪೊಟ್ಯಾಸಿಯಂ ಅನ್ನೋ ಲವಣ ಮೈಯಲ್ಲೇ ಉಳಿದ್ರೆ ಎದೆಬಡಿತ ನಿಂತ್ಹೋಗ್ಬಹುದು."

ಸಾವಿತ್ರಿ ನನ್ನತ್ತ ತಿರುಗಿದಳು. "ಇವ್ರು ದಿನಾ ಒಂದು ಚೊಂಬು ಕುಡಿಸ್ತಾರೆ ಡಾಕ್ಟ್ರೇ. ಪೊಲೀಸರ ಹಾಗೆ ನಿಂತು ಕುಡಿಸ್ತಾರೆ!"

"ಇವತ್ತೇ ನಿಲ್ಸಿ" ಎಂದರು ಡಾಕ್ಟರು.

ವಾಪಸು ಬಸ್ಸಿನಲ್ಲಿ ಲೆಕ್ಕ ಹಾಕುತ್ತಾ ಬಂದೆ. ಕುಡಿಸಿದರೆ ಇವಳು ಉಳಿಯುವುದಿಲ್ಲ. ಹರಕೆ ತಪ್ಪಿದರೆ ಆ ಉಗ್ರಮೂರ್ತಿ ಇವಳನ್ನು ಉಳಿಸಿಯಾನೇ? ಇವಳನ್ನೂ ಕರೆದುಕೊಂಡು ನೇರ ದೇವಸ್ಥಾನಕ್ಕೆ ಹೋಗಿ, ವಯಸ್ಸಾದ ಅರ್ಚಕರ ಎದುರು ಅತ್ತೇಬಿಟ್ಟೆ.

ಅವರು ತೀರ್ಥ ಕೊಡುವ ಪುಟ್ಟ ಉದ್ಧರಣೆ ಎತ್ತಿ ಹಿಡಿದರು. "ತೀರ್ಥ ಅಂದ್ರೆ ಇಷ್ಟು ಮಾರಾಯ! ಚೊಂಬಲ್ಲಿ ಕುಡಿಸು ಅಂತ ಯಾವ ಶಾಸ್ತ್ರ ಹೇಳ್ತು? ಅಭಿಷೇಕ ಸ್ವಾಮಿಗೆ ನಡೀಲಿ. ಆ ತಾಯಿಗೆ ಒಂದು ದಳ ತುಳಸಿ ಮುಡಿಸ್ತೀನಿ, ಸಾಕು. ಎಳನೀರು ನೀನೇ ಕುಡಿ, ತಲೆ ತಣ್ಣಗಾಗ್ಲಿ!"

ಸಾವಿತ್ರಿ ಗರ್ಭಗುಡಿಗೆ ಕೇಳುವ ಹಾಗೆ ನಕ್ಕಳು. ಎಷ್ಟು ಕಾಲದ ಮೇಲೆ ಕೇಳಿದ ನಗು ಅದು!

ಮಂಡಲ ಮುಗಿಯುವ ಹೊತ್ತಿಗೆ ಬಾವು ಇಳಿದು ಕಾಲುಂಗುರ ಸಡಿಲವಾಗಿತ್ತು! "ಮೆಷಿನ್ ಮಾತು ಸದ್ಯಕ್ಕೆ ಬೇಡ" ಎಂದರು ಡಾಕ್ಟರು. "ಬೇಕಾದಾಗ ಹೇಳಿ ಡಾಕ್ಟ್ರೇ, ಅದೇನ್ಮಾಡುತ್ತೆ ಅಂತ ನಂಗೆ ಗೊತ್ತಲ್ಲ" ಎಂದಳು ಇವಳು. ಬೆವರಿದ್ದು ಪಕ್ಕದಲ್ಲಿದ್ದ ಈ ಮೆಕ್ಯಾನಿಕ್ಕು.

ಬಂಧುಗಳೇ, ರೋಗ ಹೋಗಿಲ್ಲ. ಆದರೆ ಇದನ್ನು ಬರೆಯುವಾಗ ಸಾವಿತ್ರಿ ಒಳಗೆ ಸಪ್ಪೆ ಸಾರನ್ನು ಬೈಯುತ್ತಾ ಊಟ ಮಾಡುತ್ತಿದ್ದಾಳೆ. ಆ ಬೈಗುಳ ನನಗೆ ಮಂಗಳಾರತಿಯ ಗಂಟೆ. ಡಾಕ್ಟರ ಬಾಯಲ್ಲೂ ಅರ್ಚಕರ ಬಾಯಲ್ಲೂ ಮಾತಾಡಿದವನು ಒಬ್ಬನೇ ಸ್ವಾಮಿ. ಧಾರಾಳವಾಗಿ ಹರಕೆ ಹೊತ್ತುಕೊಳ್ಳಿ, ಡಾಕ್ಟರನ್ನೂ ಕೇಳಿ. ಅವನು ಸಿಟ್ಟಾಗುವುದಿಲ್ಲ.