ಅಟ್ಟದ ಮೇಲಿನ ಹದಿನಾಲ್ಕು ಡಬ್ಬಿ

ನಿವೃತ್ತಿಗೆ ಇನ್ನು ಮೂರು ವರ್ಷ ಬಾಕಿ ಇತ್ತು. ಕಾವೇರಿ ದಡ ಮೀರಿ ಹರಿದ ಆ ವರ್ಷದ ಮಳೆಗಾಲದ ಆರಂಭದಲ್ಲಿ ನನ್ನನ್ನು ಕಾರ್ಖಾನೆ ಸುರಕ್ಷತೆಯ ಕೆಲಸದಿಂದ ಬಿಡಿಸಿ ಮಡಿಕೇರಿಯ ಒಂದು ಸಣ್ಣ ಕೋಣೆಯಲ್ಲಿ ಕೂರಿಸಿದರು. ಕೋಣೆ ಸಣ್ಣದಾದರೂ ಬಾಗಿಲ ಮೇಲಿನ ಬೋರ್ಡು ದೊಡ್ಡದು: ‘ಅಪಾಯಕಾರಿ ವಸ್ತು ಮತ್ತು ತ್ಯಾಜ್ಯಗಳ ಏಕೀಕೃತ ಘಟಕ’. ಒಳಗೆ ಎರಡು ಮೇಜು, ಸೋರುವ ಒಂದು ಮೂಲೆ, ಹಗ್ಗದಲ್ಲಿ ಕಟ್ಟಿದ ಕಡತಗಳು ಮತ್ತು ಸಿಡಿಮಿಡಿಗುಟ್ಟುವ ನಾನು.

ಅದುವರೆಗೆ ಜಿಲ್ಲೆಯಲ್ಲಿ ವಿಷದ ಉಸ್ತುವಾರಿ ಯಾರದು ಎಂದು ಕೇಳಿದರೆ ಐದು ಕಡೆ ಬೆರಳು ತೋರಿಸುತ್ತಿದ್ದರು. ಕೀಟನಾಶಕದ ಲೈಸೆನ್ಸು ಒಂದು ಕಚೇರಿಯದು, ಯಂತ್ರ ಮತ್ತು ಕಟ್ಟಡದ ಸುರಕ್ಷತೆ ಇನ್ನೊಂದರದು, ತ್ಯಾಜ್ಯ ಮಗದೊಂದರದು. ಬೆಂಕಿಯ ವಿಚಾರ ಅಗ್ನಿಶಾಮಕದವರದು, ಕಟ್ಟಡದ ಕಂದಾಯ ಪಂಚಾಯಿತಿಯದು. ಹತ್ತು ಜನ ಸೇರಿದ ಕಡೆ ಹಾವು ಸಾಯುವುದಿಲ್ಲ ಅನ್ನುತ್ತಾರಲ್ಲ, ಹಾಗಿತ್ತು ಸ್ಥಿತಿ. ಇದನ್ನೆಲ್ಲ ಒಂದೇ ಘಟಕದ ಕೆಳಗೆ ತರಬೇಕು ಎಂದು ಆದೇಶವಾಯಿತು. ನನ್ನ ಕೆಲಸ ಕೇಳಲು ಸುಲಭ. ಒಂದೊಂದು ಜಾಗಕ್ಕೂ ಒಂದು ಪುಟ ಮಾಡಿ, ಐದೂ ಕಚೇರಿಯವರು ಅದರ ಬಗ್ಗೆ ಏನು ಬರೆದಿದ್ದಾರೆ ಎಂಬುದನ್ನು ಅಕ್ಕಪಕ್ಕ ನಕಲು ಮಾಡುವುದು. ಇಂಜಿನಿಯರ್ ಆಗಿ ಮೂವತ್ತು ವರ್ಷ ದುಡಿದವಳಿಗೆ ಗುಮಾಸ್ತಿಕೆ ಕೊಟ್ಟರಲ್ಲ ಎಂದು ನಾನು ಮನೆಯಲ್ಲೂ ಕಚೇರಿಯಲ್ಲೂ ಗೊಣಗಿದ್ದೇ ಗೊಣಗಿದ್ದು.

ಆಗಸ್ಟಿನ ಒಂದು ಗುರುವಾರ, ಬೆಳಿಗ್ಗೆ ಹತ್ತೂವರೆ. ನೆಲ್ಯಹುದಿಕೇರಿಯ ಮೇಲಿನ ಗುಡ್ಡದ ಒಂದು ಎಸ್ಟೇಟಿನ ಗೋಡೌನಿನ ಪುಟ ಬರೆಯುತ್ತಿದ್ದೆ. ಕೀಟನಾಶಕದ ಕಡತದಲ್ಲಿ ಒಬ್ಬ ಕಂಟ್ರಾಕ್ಟರನ ಚೀಟಿ ಇತ್ತು. ಕರಿಮೆಣಸಿಗೆ ಹುಳ ಹಿಡಿಯದಂತೆ ಹೊಗೆ ಹಾಕಲು ಅಲ್ಯೂಮಿನಿಯಂ ಫಾಸ್ಫೈಡ್ ಮಾತ್ರೆಯ ಇಪ್ಪತ್ತು ಡಬ್ಬಿ ತಂದಿದ್ದ. ಆರು ಬಳಸಿ, ಉಳಿದ ಹದಿನಾಲ್ಕನ್ನು ‘ಅಲ್ಲೇ ಅಟ್ಟದಲ್ಲಿ ಇಡಲಾಗಿದೆ’ ಎಂದು ಬರೆದಿದ್ದ. ಅಗ್ನಿಶಾಮಕದ ಪುಸ್ತಕದಲ್ಲಿ ‘ಬಳಕೆಯಲ್ಲಿಲ್ಲ’ ಎಂದಿತ್ತು. ತ್ಯಾಜ್ಯದ ಕಡತದಲ್ಲಿ ಆ ಗೋಡೌನಿನ ಹೆಸರೇ ಇರಲಿಲ್ಲ. ಕಾರ್ಖಾನೆ ಸುರಕ್ಷತೆಯ ಕಡತದಲ್ಲಿ ಒಂದೇ ಸಾಲು: ‘ಪರಿಶೀಲಿಸಲಾಗಿದೆ. ಗೋಡೌನು ಖಾಲಿ.’ ಕೆಳಗೆ ಸಹಿ. ಆ ಸಹಿ ನನ್ನದು.

ಐದನೆಯದು ಪಂಚಾಯಿತಿಯ ಪಟ್ಟಿ, ಆ ದಿನ ಬೆಳಿಗ್ಗೆಯೇ ಆಳಿನ ಕೈಲಿ ಬಂದದ್ದು. ಅದರಲ್ಲಿ ಅದೇ ಗೋಡೌನಿನ ಮುಂದೆ ಬರೆದಿತ್ತು: ‘ಗಂಜಿ ಕೇಂದ್ರ. ನಿನ್ನೆ ಸಂಜೆಯಿಂದ. ಎಂಬತ್ತನಾಲ್ಕು ಜನ.’

ಈ ಮಾತ್ರೆಯ ಗುಣವನ್ನು ಇಲ್ಲಿ ಹೇಳಲೇಬೇಕು. ಒಣಗಿದ್ದಷ್ಟು ಹೊತ್ತು ಅದು ಸುಮ್ಮನಿರುತ್ತದೆ. ತೇವ ತಗುಲಿದರೆ ಫಾಸ್ಫಿನ್ ಎಂಬ ಅನಿಲ ಬಿಡುತ್ತದೆ. ಹುಳ ಕೊಲ್ಲುವುದು ಅದೇ ಅನಿಲ, ಮನುಷ್ಯರನ್ನು ಕೊಲ್ಲುವುದೂ ಅದೇ. ಅದಕ್ಕೆ ಮದ್ದಿಲ್ಲ. ಹೊರಗಿನ ಗಾಳಿಗೆ ಕರೆತರುವುದು, ಆಸ್ಪತ್ರೆಗೆ ಒಯ್ಯುವುದು, ಅಷ್ಟೆ. ನೀರು ಹೆಚ್ಚು ಬಿದ್ದರೆ ಅನಿಲವೂ ಹೆಚ್ಚು, ಒಮ್ಮೊಮ್ಮೆ ತಾನಾಗಿ ಹೊತ್ತಿಕೊಳ್ಳುವುದೂ ಉಂಟು. ವಾಸನೆ ಬೆಳ್ಳುಳ್ಳಿಯ ಹಾಗೆ, ಕೆಲವರಿಗೆ ಕೊಳೆತ ಮೀನಿನ ಹಾಗೆ.

ಹೆದರಿಕೆ ಅಂದರೆ ಏನೆಂದು ನನಗೆ ಗೊತ್ತಿದೆ ಅಂದುಕೊಂಡಿದ್ದೆ, ಗೊತ್ತಿರಲಿಲ್ಲ. ಪಂಚಾಯಿತಿಗೆ ಫೋನು ಮಾಡಿದೆ, ರಿಂಗ್ ಆಗಲಿಲ್ಲ. ಆ ಕಡೆ ಮೂರು ದಿನದಿಂದ ಕರೆಂಟಿಲ್ಲ, ಟವರುಗಳೂ ಸತ್ತಿದ್ದವು. ಅಗ್ನಿಶಾಮಕದವರು ಸಿಕ್ಕಿದರು, ಆದರೆ ಅವರ ವಾಹನಗಳೆಲ್ಲ ಪ್ರವಾಹದ ಕೆಲಸದಲ್ಲಿದ್ದವು. “ಮಧ್ಯಾಹ್ನದೊಳಗೆ ಬರ್ತೀವಿ ಮೇಡಂ” ಅಂದರು. “ಉಸಿರಾಟದ ಸಿಲಿಂಡರ್ ತನ್ನಿ. ನೀರು ಮಾತ್ರ ಹಾಕಬೇಡಿ” ಎಂದು ಎರಡು ಸಲ ಹೇಳಿ ಜೀಪು ಹತ್ತಿದೆ.

ಡ್ರೈವರ್ ಚಂಗಪ್ಪ ಇಪ್ಪತ್ತು ವರ್ಷದಿಂದ ಇಲಾಖೆಯ ಜೀಪು ಓಡಿಸುತ್ತಿದ್ದವನು. ಚೆಟ್ಟಳ್ಳಿ ರಸ್ತೆಗೆ ಮರ ಬಿದ್ದಿದೆ ಎಂದು ಸುಂಟಿಕೊಪ್ಪದ ಮೇಲೆ ಸುತ್ತಿಸಿದ. ದಾರಿಯುದ್ದಕ್ಕೂ ನನಗೆ ಆ ಪರಿಶೀಲನೆಯ ದಿನವೇ ನೆನಪಾಗುತ್ತಿತ್ತು. ಎರಡು ವರ್ಷದ ಹಿಂದಿನ ಮಾತು, ಕಂಟ್ರಾಕ್ಟರ್ ಆ ಚೀಟಿ ಬರೆದ ಮೇಲಿನದು. ಕಾಫಿಯನ್ನು ಸಿಪ್ಪೆ ತೆಗೆಯುವ ಕ್ಯೂರಿಂಗ್ ಮಿಲ್ಲಿಗೆ ಕಳಿಸಿಯಾಗಿತ್ತು. ಎಸ್ಟೇಟಿನ ಲೆಕ್ಕಪತ್ರ, ಆಳುಕಾಳು ನೋಡಿಕೊಳ್ಳುವ ರೈಟರ್ ದೇವಯ್ಯ ಬಾಗಿಲು ತೆರೆದು, “ನೋಡಿ ಮೇಡಂ, ಗುಡಿಸಿಟ್ಟಿದ್ದೀವಿ” ಅಂದಿದ್ದರು. ಹೊಸ್ತಿಲಲ್ಲೇ ನಿಂತು ಇಣುಕಿದ್ದೆ. ಅಟ್ಟಕ್ಕೆ ಏಣಿ ಇರಲಿಲ್ಲ, ನಾನು ಕೇಳಲೂ ಇಲ್ಲ. ಫ್ಲಾಸ್ಕಿನಲ್ಲಿ ಕಾಫಿ ಬಂತು, ಜೀಪಿನ ಬಾನೆಟ್ಟಿನ ಮೇಲೆ ಕಾಗದ ಇಟ್ಟು ಸಹಿ ಹಾಕಿದೆ. ಎಸ್ಟೇಟುಗಳಲ್ಲಿ ಪರಿಶೀಲನೆ ನಡೆಯುವ ರೀತಿಯೇ ಅದು, ನಾನೇನು ಹೊಸದಾಗಿ ಮಾಡಿದ್ದಲ್ಲ.

ಒಂದು ಸತ್ಯ ಒಪ್ಪಿಕೊಳ್ಳಬೇಕು. ಸುಂಟಿಕೊಪ್ಪ ದಾಟುವವರೆಗೆ ನಾನು ಹೆದರಿದ್ದು ನನ್ನ ಸಹಿಗೆ. ಅಮಾನತು, ವಿಚಾರಣೆ, ಪಿಂಚಣಿ. ಒಳಗಿರುವ ಎಂಬತ್ತನಾಲ್ಕು ಜನರ ಯೋಚನೆ ಬಂದದ್ದು ಆಮೇಲೆ. ಬಂದ ಮೇಲೆ ಮಾತ್ರ ಬೇರೆ ಯೋಚನೆ ಬರಲಿಲ್ಲ. ಚಂಗಪ್ಪ ಹಿಂದಿರುಗಿ ನೋಡದೆ, “ಮೇಡಂ, ಬಾಯಲ್ಲಿ ಏನೋ ಹೇಳ್ತಾ ಇದ್ದೀರಿ” ಅಂದ. ನಾನು ಎಣಿಸುತ್ತಿದ್ದೆ. ನಿನ್ನೆ ಸಂಜೆಯಿಂದ ಈಗಿನವರೆಗೆ ಎಷ್ಟು ಗಂಟೆ ಎಂದು.

ಗೋಡೌನಿನ ಮುಂದೆ ಜೀಪು ನಿಂತಾಗ ಎಲ್ಲವೂ ಮಾಮೂಲಾಗಿತ್ತು. ಅದೇ ಹೆಚ್ಚು ಹೆದರಿಸಿತು. ಹೊರಗಿನ ಚಾವಡಿಯಲ್ಲಿ ದೊಡ್ಡ ಪಾತ್ರೆಯಲ್ಲಿ ಗಂಜಿ ಕುದಿಯುತ್ತಿತ್ತು. ಮಳೆ ಹೊಡೆಯುತ್ತದೆ ಎಂದು ಕಿಟಕಿಗಳಿಗೆ ಗೋಣಿ ಕಟ್ಟಿ ಮುಚ್ಚಿದ್ದರು. ಕೇಂದ್ರ ನೋಡಿಕೊಳ್ಳುತ್ತಿದ್ದ ಪಂಚಾಯಿತಿಯ ಬಿಲ್ ಕಲೆಕ್ಟರ್ ಮಣಿ ಕೊಡೆ ಹಿಡಿದು ಓಡಿ ಬಂದ.

“ಒಳಗೆ ಏನಾದರೂ ವಾಸನೆ ಇದೆಯಾ?” ಅಂದೆ.

“ಬೆಳಿಗ್ಗೆಯಿಂದ ಇದೆ ಮೇಡಂ. ಬೆಳ್ಳುಳ್ಳಿ ಹಾಕಿ ಒಣಮೀನು ಹುರ್ದಿದ್ರು, ಅದೇ ಅಂದ್ಕೊಂಡ್ವಿ. ಈಗ ನೋಡಿದ್ರೆ ಅಟ್ಟದಲ್ಲಿ ಇಲಿ ಸತ್ತಿರ್ಬೇಕು. ಇಬ್ರು ಮಕ್ಕಳು ವಾಂತಿ ಮಾಡ್ಕೊಂಡ್ರು. ಆಯಿಷಕ್ಕ ಮೇಲೆ ತೊಳೆದು ಬಿಡ್ತೀನಿ ಅಂತ ಹೋಗಿದ್ದಾರೆ.”

ಅವನನ್ನು ತಳ್ಳಿಕೊಂಡೇ ಒಳಗೆ ನುಗ್ಗಿದೆ. ಒಳಗಿನ ಮಂದ ಬೆಳಕಿನಲ್ಲಿ ಚಾಪೆಗಳು, ಗಂಟುಮೂಟೆಗಳು, ತೊಟ್ಟಿಲಿನ ಹಾಗೆ ಕಟ್ಟಿದ ಒಂದು ಸೀರೆ. ಮೂಲೆಯಲ್ಲಿ ಬಿದಿರಿನ ಏಣಿ. ನಡುವಯಸ್ಸಿನ ಹೆಂಗಸೊಬ್ಬರು ಒಂದು ಕೈಯಲ್ಲಿ ಏಣಿ, ಇನ್ನೊಂದು ಕೈಯಲ್ಲಿ ಫಿನಾಯಿಲ್ ಬೆರೆಸಿದ ನೀರಿನ ಬಕೆಟ್ ಹಿಡಿದು ಮೇಲೇರುತ್ತಿದ್ದರು. ಅಟ್ಟಕ್ಕೆ ಇನ್ನು ಎರಡೇ ಮೆಟ್ಟಿಲು.

“ನೀರು ಹಾಕಬೇಡಿ! ಅಕ್ಕ, ಇಳೀರಿ, ಬಕೆಟ್ ಸಮೇತ ಇಳೀರಿ!”

ನನ್ನ ದನಿ ನನಗೇ ಗುರುತು ಸಿಗಲಿಲ್ಲ. ಆಕೆ ಬೆಚ್ಚಿಬಿದ್ದರು, ಬಕೆಟ್ ಓಲಾಡಿತು, ಒಂದಿಷ್ಟು ನೀರು ನನ್ನ ತಲೆಯ ಮೇಲೆ ಬಿತ್ತು. ಆದರೆ ಇಳಿದರು. ಕೆಳಗೆ ಬಂದವರೇ, “ನಿಮಗೇನು ಹುಚ್ಚಾ? ಬಿದ್ದಿದ್ರೆ ಏನ್ ಗತಿ?” ಎಂದು ಗದರಿದರು. ಎಲ್ಲರೂ ಹೊರಗೆ ಹೋಗಬೇಕು, ಮೇಲೆ ವಿಷದ ಮಾತ್ರೆ ಇದೆ ಅಂದೆ.

ಯಾರೂ ಕದಲಲಿಲ್ಲ. ಗೋಡೆಗೆ ಒರಗಿದ್ದ ಒಬ್ಬ ಮುದುಕರು, “ಹೊಳೆ ಬಂತು ಅಂತ ಮನೆ ಬಿಡ್ಸಿದ್ರಿ. ಈಗ ಇಲ್ಲಿಂದಲೂ ಓಡ್ಸ್ತೀರಾ? ಈ ಮಳೇಲಿ ಮಕ್ಕಳನ್ನ ಎಲ್ಲಿಗೆ ಕರ್ಕೊಂಡು ಹೋಗೋದು?” ಅಂದರು. ಅವರ ಮಾತು ನ್ಯಾಯವಾದದ್ದೇ. ಏಣಿಯಿಂದ ಇಳಿದಿದ್ದ ಆಯಿಷಾ ನನ್ನ ಮುಖವನ್ನೇ ನೋಡಿದರು. ನನ್ನ ಗಲ್ಲ ನಡುಗುತ್ತಿತ್ತಂತೆ, ಆಮೇಲೆ ಅವರೇ ಹೇಳಿದ್ದು. ಆಫೀಸರು ಹೀಗೆ ನಡುಗಬೇಕಾದರೆ ಸುಳ್ಳಿರಲಾರದು ಅನ್ನಿಸಿತಂತೆ. ಬಕೆಟ್ ಹೊರಗೆಸೆದು, ಮಲಯಾಳದಲ್ಲೊಮ್ಮೆ ಕನ್ನಡದಲ್ಲೊಮ್ಮೆ ಕೂಗಿ, ಸೀರೆಯ ತೊಟ್ಟಿಲಿನ ಕೂಸನ್ನು ಎತ್ತಿಕೊಂಡು ಮೊದಲು ತಾವೇ ಹೊರಟರು. ಉಳಿದವರು ಹಿಂದೆ ಬಂದರು. ಕಾಫಿ ಒಣಗಿಸುವ ಕಣದಲ್ಲಿ ಟಾರ್ಪಾಲು ಹಿಡಿದು ನಿಲ್ಲಿಸಿ ತಲೆ ಎಣಿಸಿದೆವು. ಎಂಬತ್ತಮೂರು. ಮತ್ತೆ ಎಣಿಸಿದೆವು, ಎಂಬತ್ತಮೂರೇ. ನಾನು ಮತ್ತೆ ಗೋಡೌನಿನ ಕಡೆ ಹೊರಟೆ. ಅಷ್ಟರಲ್ಲಿ ಮಣಿ, “ಮೇಡಂ, ನನ್ನನ್ನೂ ಸೇರಿಸಿ ಪಟ್ಟಿ ಬರ್ದಿದ್ದೆ” ಅಂದ. ಅವನನ್ನು ಅಲ್ಲೇ ಹೊಡೆಯಬೇಕು ಅನ್ನಿಸಿತು, ತಬ್ಬಿಕೊಳ್ಳಬೇಕು ಅಂತಲೂ ಅನ್ನಿಸಿತು.

ಎಲ್ಲರನ್ನೂ ಮೇಲಿನ ಶಾಲೆಗೆ ಕಳಿಸಿದೆವು. ವಾಂತಿ ಮಾಡಿದ ಇಬ್ಬರು ಮಕ್ಕಳನ್ನೂ ತಲೆ ಸುತ್ತುತ್ತಿದ್ದ ಒಬ್ಬ ಬಾಣಂತಿಯನ್ನೂ ಚಂಗಪ್ಪ ಜೀಪಿನಲ್ಲಿ ಆಸ್ಪತ್ರೆಗೆ ಒಯ್ದ. ಒಂದು ಗಂಟೆಗೆ ಬಂದ ಅಗ್ನಿಶಾಮಕದವರು ಸಿಲಿಂಡರ್ ಬೆನ್ನಿಗೆ ಹಾಕಿಕೊಂಡು ಅಟ್ಟ ಹತ್ತಿದರು. ಹದಿನಾಲ್ಕರಲ್ಲಿ ಹನ್ನೊಂದು ಡಬ್ಬಿ ಗಟ್ಟಿಯಾಗಿದ್ದವು. ಮೂರರ ಮುಚ್ಚಳ ತುಕ್ಕು ಹಿಡಿದು ತೂತಾಗಿತ್ತು, ತೇವದ ಗಾಳಿ ಒಳಹೊಕ್ಕಿತ್ತು. ಅವುಗಳಿಂದ ಒಂದು ಮೊಳ ದೂರದಲ್ಲಿ ಮಾಡಿನ ಶೀಟು ಸೋರುತ್ತಿತ್ತು. ಒಂದು ಬಕೆಟ್ ನೀರು ಚೆಲ್ಲಿದ್ದರೆ ಏನಾಗುತ್ತಿತ್ತು ಎಂದು ಅವರ ಅಧಿಕಾರಿ ಹೇಳಲು ಬಂದರು. ಬೇಡ, ಗೊತ್ತಿದೆ ಅಂದೆ.

ಸುದ್ದಿ ಕೇಳಿ ರೈಟರ್ ದೇವಯ್ಯ ಓಡಿ ಬಂದರು. ಪಂಚಾಯಿತಿಗೆ ಒಳ್ಳೆಯ ಮನಸ್ಸಿನಿಂದಲೇ ಬೀಗದ ಕೈ ಕೊಟ್ಟವರು ಅವರು. ಮುಖ ಬಿಳುಚಿತ್ತು.

“ಆ ಡಬ್ಬಿ ನಮ್ಮದಲ್ಲ ಮೇಡಂ, ಕಂಟ್ರಾಕ್ಟರ್‌ದು. ಬಂದು ತಗೊಂಡು ಹೋಗ್ತೀನಿ ಅಂದಿದ್ದ. ನಾನು ಮರ್ತೇಬಿಟ್ಟೆ.” ಮೆಲ್ಲಗೆ ಸೇರಿಸಿದರು, “ಅವತ್ತು ನೀವೂ ಕೇಳ್ಲಿಲ್ಲ.”

ನಾನು ಹೌದು ಅಂದೆ.

ಸಂಜೆ ಆಸ್ಪತ್ರೆಯಿಂದ ಮರಳಿದ ಚಂಗಪ್ಪ ಮೂವರೂ ಅಪಾಯದಿಂದ ಪಾರು ಎಂದು ಸುದ್ದಿ ತಂದ. ಜೀಪಿನ ಹಿಂದಿನ ಸೀಟಿನಲ್ಲಿ ಕೂತು ನಾನು ಅತ್ತುಬಿಟ್ಟೆ. ಚಂಗಪ್ಪ ರೇಡಿಯೊ ಜೋರು ಮಾಡಿದ.

ಮುಂದಿನ ವಾರದ ಸಭೆಯಲ್ಲಿ ನಮ್ಮ ಘಟಕಕ್ಕೆ ಬೇಕಾದಷ್ಟು ಹೊಗಳಿಕೆ ಬಂತು. ಐದು ಕಡತ ಒಂದೇ ಮೇಜಿಗೆ ಬಂದದ್ದರಿಂದಲೇ ಅನಾಹುತ ತಪ್ಪಿತು ಎಂದರು. ಅದು ನಿಜ. ಆದರೆ ಆ ಐದರಲ್ಲಿ ಒಂದು ಕಡತ ಸುಳ್ಳು ಹೇಳಿತ್ತು. ಎದ್ದು ನಿಂತು ಆ ಸಾಲನ್ನೂ ಸಹಿಯನ್ನೂ ಓದಿದೆ. ನನಗೆ ಒಂದು ಎಚ್ಚರಿಕೆಯ ಪತ್ರ ಬಂತು, ಅದು ನ್ಯಾಯವೇ.

ತಿಂಗಳ ನಂತರ ನೆಲ್ಯಹುದಿಕೇರಿಗೆ ಹೋದಾಗ ಆಯಿಷಾ ಹಾಲಿಲ್ಲದ ಸುಲೈಮಾನಿ ಚಹಾ ಕೊಟ್ಟು, “ನೀವು ಬಂದು ಉಳಿಸಿದ್ರಿ ಅಂತ ಊರೆಲ್ಲ ಹೇಳ್ತಾರೆ” ಅಂದರು. ಗೋಡೌನು ಖಾಲಿ ಎಂದು ಬರೆದವಳೂ ನಾನೇ ಎಂದು ಅವರಿಗೆ ಹೇಳಿದೆ. ಆಕೆಗೆ ಕೋಪ ಬಂತು, ಅದನ್ನು ಬಚ್ಚಿಡಲಿಲ್ಲ. ಆಮೇಲೆ ಅಂದರು, “ಹಾಗಾದ್ರೆ ಇನ್ನು ಮೇಲೆ ಅಟ್ಟ ಹತ್ತಿ ನೋಡಿ ಮೇಡಂ.”

ಐದು ಕಚೇರಿಗಳ ಕೆಲಸವನ್ನು ಒಂದು ಕಚೇರಿಗೆ ತರಬಹುದು, ತರಲೇಬೇಕು. ಹಾಗೆ ಮಾಡಿದರೆ ‘ಅದು ನಮ್ಮದಲ್ಲ’ ಅನ್ನುವ ಬಾಯಿ ಮುಚ್ಚುತ್ತದೆ. ಆದರೆ ನೋಡದೆ ಬರೆದ ಸಾಲು ಯಾವ ಕಚೇರಿಗೆ ಹೋದರೂ ನೋಡದೆ ಬರೆದದ್ದೇ. ನಮ್ಮ ಹೊಸ ರಿಜಿಸ್ಟರಿನಲ್ಲಿ ಒಂದು ಅಂಕಣ ಸೇರಿಸಿದೆವು: ‘ಒಳಗೆ ಹೋಗಿ ನೋಡಿದವರು ಯಾರು?’ ಉಳಿದ ಮೂರು ವರ್ಷವೂ ನಮ್ಮ ಜೀಪಿನ ತಲೆಯ ಮೇಲೆ ಒಂದು ಏಣಿ ಕಟ್ಟಿಸಿಕೊಂಡು ತಿರುಗಿದೆ. ಸಿದ್ದಾಪುರದ ಪೇಟೆಯಲ್ಲಿ ಜನ ಪೇಂಟಿಂಗ್ ಕೆಲಸಕ್ಕೆ ಬಂದಿದ್ದೀರಾ ಎಂದು ಕೇಳುತ್ತಿದ್ದರು. ಚಂಗಪ್ಪನಿಗೆ ನಾಚಿಕೆ. ಮಂಡಿ ನೋವಿದ್ದರೂ ಪ್ರತಿ ಅಟ್ಟವನ್ನೂ ನಾನೇ ಹತ್ತಿದೆ, ಪ್ರತಿ ಸಲವೂ ಹೆದರಿಕೊಂಡೇ ಹತ್ತಿದೆ.